ಎಕ್ಯೂಐ ಲೆಕ್ಕಕ್ಕೆ ಬಾರದ ನಾಲ್ಕು ವಿಷಗಳು

ಪೆಟ್ರೋಲ್ ಬಂಕಿನಲ್ಲಿ ಗಾಡಿಯ ಟ್ಯಾಂಕ್ ಮುಚ್ಚಳ ತೆಗೆದ ಕೂಡಲೇ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ಚಿಕ್ಕಂದಿನಲ್ಲಿ ನನಗೆ ಆ ವಾಸನೆ ತುಂಬಾ ಇಷ್ಟ. ಬೇಕಂತಲೇ ಉಸಿರೆಳೆದುಕೊಳ್ಳುತ್ತಿದ್ದೆ. ಆ ವಾಸನೆಯಲ್ಲಿ ಬೆಂಜೀನ್ ಕೂಡ ಇರುತ್ತದೆ, ಅದು ರಕ್ತದ ಕ್ಯಾನ್ಸರ್ ತರುವ ವಸ್ತು ಎಂದು ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಈಗ ಅದೇ ಬಂಕಿನ ಮುಂದೆ ನಿಂತು ಮೊಬೈಲ್‌ನಲ್ಲಿ ಗಾಳಿಯ ಗುಣಮಟ್ಟ ಸೂಚ್ಯಂಕ, ಅಂದರೆ ಎಲ್ಲರೂ ಎಕ್ಯೂಐ ಅನ್ನುವ ಆ ಸಂಖ್ಯೆಯನ್ನು ನೋಡಿ. ಹಸಿರು ಬಣ್ಣದಲ್ಲಿ 70 ಅಂತ ತೋರಿಸಬಹುದು. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ಬೆಂಜೀನ್ ವಿಷಯ ಮಾತಾಡುತ್ತಲೇ ಇಲ್ಲ.

ನಮ್ಮ ದೇಶದಲ್ಲಿ ಈ ಸೂಚ್ಯಂಕ ಶುರುವಾಗಿದ್ದು 2015ರ ಏಪ್ರಿಲ್‌ನಲ್ಲಿ. ಅದು ಎಂಟು ವಸ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪಿಎಂ 10 ಮತ್ತು ಪಿಎಂ 2.5 ಎಂಬ ಎರಡು ಗಾತ್ರದ ದೂಳು, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರ ನವೆಂಬರ್‌ನಲ್ಲಿ ಹೊರಡಿಸಿದ ರಾಷ್ಟ್ರೀಯ ಮಾನದಂಡದಲ್ಲಿ ಇರುವುದು ಹನ್ನೆರಡು ವಸ್ತುಗಳು. ಹಾಗಾದರೆ ಉಳಿದ ನಾಲ್ಕು? ಬೆಂಜೀನ್, ಬೆಂಜೋ-ಎ-ಪೈರೀನ್, ಆರ್ಸೆನಿಕ್, ನಿಕಲ್. ನಾಲ್ಕೂ ಕ್ಯಾನ್ಸರ್‌ಗೆ ಸಂಬಂಧಪಟ್ಟವು.

ಇವನ್ನು ಬೇಕಂತ ಮುಚ್ಚಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಸೂಚ್ಯಂಕ ಹೇಳುವುದು ಇವತ್ತಿನ ಮಾತು. ಇವತ್ತು ಆಸ್ತಮಾ ಇರುವವರು ಹೊರಗೆ ಓಡಬಹುದಾ, ಮಕ್ಕಳನ್ನು ಆಟಕ್ಕೆ ಬಿಡಬಹುದಾ ಅಂತ. ಅದಕ್ಕೆ ದಿನದ ಅಥವಾ ಗಂಟೆಯ ಮಿತಿ ಬೇಕು. ಈ ನಾಲ್ಕು ವಸ್ತುಗಳಿಗೆ ಇರುವುದು ವರ್ಷದ ಸರಾಸರಿ ಮಿತಿ ಮಾತ್ರ. ಅವು ಇವತ್ತು ಕೆಮ್ಮು ಬರಿಸುವುದಿಲ್ಲ, ಇಪ್ಪತ್ತು ವರ್ಷದ ನಂತರ ಕ್ಯಾನ್ಸರ್ ಆಗಿ ಬರಬಹುದು. ಆ ಕಾರಣಕ್ಕೇ ಅವುಗಳ ಮೇಲೆ ಕಣ್ಣಿಡುವ ಕೆಲಸ ಬೇರೆ ರೀತಿಯದು, ಜಾಸ್ತಿ ಕಷ್ಟದ್ದು. ಸರ್ಕಾರಗಳು ಆ ಕೆಲಸವನ್ನು ಹೇಗೆ ಮಾಡುತ್ತವೆ, ಎಲ್ಲಿ ಕೈಚೆಲ್ಲುತ್ತವೆ ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಎರಡು ಹನಿ ಪೆಟ್ರೋಲ್

ಮೊದಲು ಪ್ರಮಾಣ ಅರ್ಥವಾಗಬೇಕು. ನಮ್ಮ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಬೆಂಜೀನ್ ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಉದ್ದ, ಅಗಲ, ಎತ್ತರ ಮೂರೂ ಹತ್ತು ಅಡಿ ಇರುವ ಒಂದು ಕೋಣೆ ಅಂದುಕೊಳ್ಳಿ. ಅದರಲ್ಲಿ ಸುಮಾರು 28 ಘನ ಮೀಟರ್ ಗಾಳಿ ಹಿಡಿಯುತ್ತದೆ. ಈಗ ಮಾರುವ ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ 1 ಪಾಲಿನವರೆಗೆ ಇರಬಹುದು. ಕಿಟಕಿ ಬಾಗಿಲು ಹಾಕಿದ ಆ ಕೋಣೆಯಲ್ಲಿ ಇಂಥ ಪೆಟ್ರೋಲ್ ಎರಡೇ ಹನಿ ಚೆಲ್ಲಿ ಆವಿಯಾಗಲಿ. ಲೆಕ್ಕ ಹಾಕಿದರೆ ಅಲ್ಲಿನ ಗಾಳಿಯಲ್ಲಿ ಬೆಂಜೀನ್ ಘನ ಮೀಟರಿಗೆ ಹತ್ತು ಮೈಕ್ರೋಗ್ರಾಂ ದಾಟುತ್ತದೆ. ಮಿತಿಯ ಎರಡು ಪಟ್ಟಿಗೂ ಹೆಚ್ಚು! ಒಂದು ದಿನ ಹಾಗಾದರೆ ಯಾರಿಗೂ ಏನೂ ಆಗುವುದಿಲ್ಲ. ದಿನಾ ಎಂಟು ಗಂಟೆ ಬಂಕಿನಲ್ಲಿ ಪೈಪ್ ಹಿಡಿದು ನಿಲ್ಲುವ ಹುಡುಗರ ಕಥೆ ಬೇರೆ.

ಬೆಂಜೋ-ಎ-ಪೈರೀನ್ ಇನ್ನೂ ಸೂಕ್ಷ್ಮ. ಅದರ ಮಿತಿ ಘನ ಮೀಟರಿಗೆ 1 ನ್ಯಾನೋಗ್ರಾಂ, ಅಂದರೆ ಬೆಂಜೀನ್ ಮಿತಿಯ ಐದು ಸಾವಿರದಲ್ಲಿ ಒಂದು ಪಾಲು. ಇದನ್ನು ಯಾವ ಕಾರ್ಖಾನೆಯೂ ಬೇಕು ಅಂತ ತಯಾರಿಸುವುದಿಲ್ಲ. ಯಾವುದೇ ವಸ್ತು ಸರಿಯಾಗಿ ಉರಿಯದೆ ಹೊಗೆಯಾಡಿದಾಗ ಇದು ಹುಟ್ಟುತ್ತದೆ. ಸೌದೆ ಒಲೆ, ರಸ್ತೆ ಬದಿ ಗುಡಿಸಿ ಬೆಂಕಿ ಇಡುವ ಒಣ ಎಲೆ, ಕಸದ ರಾಶಿ, ಡೀಸೆಲ್ ಎಂಜಿನ್, ಎಲ್ಲದರಿಂದಲೂ. ಆರ್ಸೆನಿಕ್‌ನ ಮಿತಿ 6 ನ್ಯಾನೋಗ್ರಾಂ, ಅದು ಕಲ್ಲಿದ್ದಲು ಸುಟ್ಟಾಗ ಬರುತ್ತದೆ. ನಿಕಲ್‌ನ ಮಿತಿ 20 ನ್ಯಾನೋಗ್ರಾಂ, ಅದು ಫರ್ನೇಸ್ ಆಯಿಲ್ ಸುಡುವಲ್ಲಿ, ಲೋಹ ಕರಗಿಸುವಲ್ಲಿ ಹೊರಬೀಳುತ್ತದೆ.

ಈ ಸಂಖ್ಯೆಗಳನ್ನು ಓದುವಾಗ ಒಂದು ತಪ್ಪು ಕಲ್ಪನೆ ಸುಲಭವಾಗಿ ಹುಟ್ಟುತ್ತದೆ. ಮಿತಿಯ ಒಳಗಿದ್ದರೆ ಸುರಕ್ಷಿತ ಅಂತ. ಬೆಂಜೀನ್‌ಗೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಅಂದಾಜು ಹೀಗಿದೆ: ಜೀವನಪೂರ್ತಿ ಘನ ಮೀಟರಿಗೆ 1.7 ಮೈಕ್ರೋಗ್ರಾಂ ಬೆಂಜೀನ್ ಇರುವ ಗಾಳಿ ಉಸಿರಾಡಿದರೆ ಲಕ್ಷ ಜನರಲ್ಲಿ ಒಬ್ಬರಿಗೆ ಅದರಿಂದಲೇ ರಕ್ತದ ಕ್ಯಾನ್ಸರ್ ಬರಬಹುದು. ಆ ಲೆಕ್ಕದಲ್ಲಿ ನಮ್ಮ 5 ಎಂಬ ಮಿತಿಯಲ್ಲಿ ಲಕ್ಷಕ್ಕೆ ಮೂರು ಜನ. ಅಂದರೆ ಮಿತಿ ಎನ್ನುವುದು ಸರ್ಕಾರ ತೆಗೆದುಕೊಂಡ ಒಂದು ತೀರ್ಮಾನ. ಇಷ್ಟು ಅಪಾಯವನ್ನು ಸಮಾಜ ತಡೆದುಕೊಳ್ಳಲಿ, ಇದಕ್ಕಿಂತ ಜಾಸ್ತಿ ಬೇಡ ಎಂಬ ತೀರ್ಮಾನ. ಅದನ್ನು ತೆಗೆದುಕೊಳ್ಳುವಾಗ ಕೇಳಬೇಕಾದವರಲ್ಲಿ ನಾವೂ ಇದ್ದೇವೆ, ಅಲ್ವಾ?

ಊರಿನಲ್ಲಿ ಅಳೆಯುವುದು

ಗಾಳಿಯಲ್ಲಿರುವ ವಿಷವನ್ನು ಮೂರು ಜಾಗದಲ್ಲಿ ಅಳೆಯಬಹುದು. ಜನ ಇರುವ ಊರಿನಲ್ಲಿ, ಕಾರ್ಖಾನೆಯ ಚಿಮಣಿಯಲ್ಲಿ, ಕಾರ್ಖಾನೆಯ ಬೇಲಿಯ ಬಳಿ. ಒಂದೊಂದು ಜಾಗದ ಉತ್ತರ ಒಂದೊಂದು ಥರ.

ಊರಿನಲ್ಲಿ ಅಳೆಯುವುದರಲ್ಲಿ ಹಳೇ ವಿಧಾನ ಈಗಲೂ ಚಾಲ್ತಿಯಲ್ಲಿದೆ. ಕೇಂದ್ರ ಮಂಡಳಿ 1984ರಲ್ಲಿ ಶುರುಮಾಡಿದ ರಾಷ್ಟ್ರೀಯ ಗಾಳಿ ಮಾಪನ ಜಾಲ ಇದರ ಮೇಲೆಯೇ ನಿಂತಿದೆ. ಯಾವುದೋ ಸರ್ಕಾರಿ ಕಟ್ಟಡದ ತಾರಸಿಯ ಮೇಲೆ ಒಂದು ಲೋಹದ ಪೆಟ್ಟಿಗೆ ಗುಂಯ್ ಅನ್ನುತ್ತಾ ಗಾಳಿ ಎಳೆಯುತ್ತಿರುತ್ತದೆ. ಒಳಗೆ ಒಂದು ಫಿಲ್ಟರ್ ಕಾಗದ. ಹಾಕುವ ಮೊದಲು ತೂಕ ಮಾಡಿ, ತೆಗೆದ ಮೇಲೆ ಇನ್ನೊಮ್ಮೆ ತೂಕ ಮಾಡಿದರೆ ದೂಳಿನ ಲೆಕ್ಕ ಸಿಗುತ್ತದೆ. ವಿಷದ ಲೆಕ್ಕ ಬೇಕಾದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಕಾಗದವನ್ನು ಕತ್ತರಿಸಿ, ಒಂದು ತುಂಡನ್ನು ಆಸಿಡ್‌ನಲ್ಲಿ ಕಾಯಿಸಿ ಆರ್ಸೆನಿಕ್, ನಿಕಲ್, ಸೀಸ ಹುಡುಕಬೇಕು. ಇನ್ನೊಂದು ತುಂಡನ್ನು ದ್ರಾವಕದಲ್ಲಿ ನೆನೆಸಿ ಬೆಂಜೋ-ಎ-ಪೈರೀನ್ ಬೇರ್ಪಡಿಸಬೇಕು. ಇದಕ್ಕೆ ಬೆಲೆಬಾಳುವ ಯಂತ್ರ ಬೇಕು, ಪಳಗಿದ ಕೈ ಬೇಕು. ಬೆಂಜೀನ್ ಅನಿಲವಾದ್ದರಿಂದ ಕಾಗದಕ್ಕೆ ಸಿಗುವುದೇ ಇಲ್ಲ. ಅದನ್ನು ಇದ್ದಿಲು ತುಂಬಿದ ಸಣ್ಣ ಕೊಳವೆಯಲ್ಲಿ ಹಿಡಿಯಬೇಕು, ಇಲ್ಲವೇ ಅಲ್ಲೇ ಬಿಡಿಸಿ ನೋಡುವ ಸ್ವಯಂಚಾಲಿತ ಯಂತ್ರ ಇಡಬೇಕು.

ಮಾನದಂಡದಲ್ಲಿರುವ ಒಂದು ಸಾಲು ಗಮನಿಸಿ. ವರ್ಷದ ಸರಾಸರಿ ಅಂದರೆ ವಾರಕ್ಕೆ ಎರಡು ದಿನದಂತೆ ಕನಿಷ್ಠ 104 ದಿನ ಅಳೆದಿರಬೇಕು. ಉಳಿದ 261 ದಿನದಲ್ಲಿ ಏನಾಯಿತು ಎಂದು ಆ ಕಾಗದ ಹೇಳುವುದಿಲ್ಲ. ಸ್ವಯಂಚಾಲಿತ ಕೇಂದ್ರಗಳು ಬಂದ ಮೇಲೆ ಈ ಕೊರತೆ ಸ್ವಲ್ಪ ತುಂಬಿದೆ. ಬೆಂಗಳೂರಿನಲ್ಲಿ ಪೀಣ್ಯ, ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡ್ ಮುಂತಾದ ಕಡೆ ಇಂಥ ಕೇಂದ್ರಗಳಿವೆ. ಆದರೆ ಹಗಲು ರಾತ್ರಿ ಅಲ್ಲಿ ಸಿಗುವುದು ಮುಖ್ಯವಾಗಿ ದೂಳು ಮತ್ತು ಕೆಲವು ಅನಿಲಗಳ ಲೆಕ್ಕ. ಲೋಹಗಳಿಗೆ ಈಗಲೂ ಫಿಲ್ಟರ್ ಕಾಗದ, ಪ್ರಯೋಗಾಲಯ, ಕಾಯುವಿಕೆ.

ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಊರಿನ ಕೇಂದ್ರ ಎಲ್ಲ ಹೊಗೆಯನ್ನೂ ಕಲಸಿ ಒಂದು ಸಂಖ್ಯೆ ಕೊಡುತ್ತದೆ. ಆ ಹೊಗೆ ಯಾರದ್ದು ಎಂದು ಹೇಳುವುದಿಲ್ಲ. ನೋಟಿಸ್ ಕೊಡಬೇಕಾದರೆ ವಿಳಾಸ ಬೇಕಲ್ಲ. ಹಾಗಾಗಿ ಚಿಮಣಿ ಹತ್ತಬೇಕು.

ಚಿಮಣಿ ಹತ್ತುವವರು

ಚಿಮಣಿಯಲ್ಲಿ ಅಳೆಯುವುದು ಎಂದರೆ ನಿಜವಾಗಿಯೂ ಹತ್ತುವುದು. ಚಿಮಣಿಯ ಪಕ್ಕದಲ್ಲಿ ಕಬ್ಬಿಣದ ಏಣಿ, ಮೇಲೆ ಒಂದು ಅಟ್ಟಣೆ, ಗೋಡೆಯಲ್ಲಿ ಮುಚ್ಚಳವಿರುವ ಒಂದು ತೂತು. ಆ ತೂತಿನೊಳಗೆ ಉದ್ದನೆಯ ಕೊಳವೆ ಹಾಕಿ ಬಿಸಿ ಹೊಗೆಯನ್ನು ಹೊರಗೆ ಎಳೆಯುತ್ತಾರೆ. ಸುಮ್ನೆ ಎಳೆದರೆ ಆಗುವುದಿಲ್ಲ. ಹೊಗೆ ಯಾವ ವೇಗದಲ್ಲಿ ಮೇಲೇರುತ್ತಿದೆಯೋ ಅದೇ ವೇಗದಲ್ಲಿ ಎಳೆಯಬೇಕು. ಜೋರಾಗಿ ಎಳೆದರೆ ಸುತ್ತಲಿನ ಗಾಳಿ ಜಾಸ್ತಿ ಒಳಗೆ ಬರುತ್ತದೆ. ಭಾರದ ದೂಳಿನ ಕಣಗಳು ಮಾತ್ರ ತಿರುಗಲಾರದೆ ನೆಟ್ಟಗೆ ಮೇಲೆ ಹೋಗಿಬಿಡುತ್ತವೆ. ಆಗ ದೂಳು ಇರುವುದಕ್ಕಿಂತ ಕಡಿಮೆ ಕಾಣಿಸುತ್ತದೆ. ನಿಧಾನ ಎಳೆದರೆ ಇದಕ್ಕೆ ತಿರುಗುಮುರುಗು. ಪಂಪಿನ ಗುಂಡಿಯನ್ನು ಚೂರು ತಿರುಗಿಸಿದರೆ ವರದಿಯ ಸಂಖ್ಯೆಯೇ ಬದಲಾಗುತ್ತದೆ. ಅದಕ್ಕೇ ಆ ಅಟ್ಟಣೆಯ ಮೇಲೆ ನಿಂತ ಮನುಷ್ಯನ ಪ್ರಾಮಾಣಿಕತೆ ಮತ್ತು ತರಬೇತಿ ನನಗೆ ಯಂತ್ರಕ್ಕಿಂತ ದೊಡ್ಡದು ಅನ್ನಿಸುತ್ತದೆ.

ಕಾನೂನು ಇಲ್ಲೂ ಒಂದು ಕಟ್ಟು ಹಾಕಿದೆ. ನಮ್ಮ ವಾಯು ಕಾಯ್ದೆ 1981ರದ್ದು. ಅದರ 26ನೇ ಸೆಕ್ಷನ್ ಪ್ರಕಾರ ಅಧಿಕಾರಿ ಮಾದರಿ ತೆಗೆಯುವಾಗ ಕಾರ್ಖಾನೆಯವರಿಗೆ ನೋಟಿಸ್ ಕೊಡಬೇಕು, ಅವರ ಎದುರಿಗೇ ತೆಗೆಯಬೇಕು, ಸೀಲ್ ಹಾಕಿ ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ಆ ವರದಿ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಸುಳ್ಳು ಕೇಸಿನಿಂದ ಕಾಪಾಡಲು ಇದು ಬೇಕು, ಒಪ್ಪುತ್ತೇನೆ. ಆದರೆ ಊರಿನವರು ರಾತ್ರಿ ಎರಡು ಗಂಟೆಗೆ ಬಾಟಲಿಯಲ್ಲೋ ಚೀಲದಲ್ಲೋ ಹಿಡಿದಿಟ್ಟ ಗಾಳಿಗೆ ಈ ಸೆಕ್ಷನ್‌ನಡಿ ಬೆಲೆ ಸಿಗುವುದಿಲ್ಲ.

ಅಳೆಯಲು ಎಲ್ಲಕ್ಕಿಂತ ಕಷ್ಟದ್ದು ಡಯಾಕ್ಸಿನ್ ಎಂಬ ವಿಷ. ಆಸ್ಪತ್ರೆಯ ಕಸ ಸುಡುವ ಕುಲುಮೆಗಳಲ್ಲಿ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸೇರಿದಾಗ ಇದು ಹುಟ್ಟಬಹುದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಇದಕ್ಕೆ ಘನ ಮೀಟರಿಗೆ 0.1 ನ್ಯಾನೋಗ್ರಾಂ ಮಿತಿ ಹಾಕಿವೆ. ಇಷ್ಟು ಚಿಕ್ಕ ಪ್ರಮಾಣ ಅಳೆಯಬಲ್ಲ ಪ್ರಯೋಗಾಲಯಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ತಿರುವನಂತಪುರದಲ್ಲಿರುವ ಸಿಎಸ್‌ಐಆರ್ ಸಂಶೋಧನಾ ಸಂಸ್ಥೆಯದ್ದು ಅಂಥದೊಂದು. ಪರೀಕ್ಷೆಯ ಖರ್ಚೂ ಜಾಸ್ತಿ. ದಿನಾ ಅಳೆಯಲು ಸಾಧ್ಯವೇ ಇಲ್ಲ.

ಅದಕ್ಕೇ ನಿಯಮ ಬರೆದವರು ಒಂದು ಉಪಾಯ ಮಾಡಿದ್ದಾರೆ. ವಿಷವನ್ನು ಅಳೆಯಲಾಗದಿದ್ದರೆ ಅದು ಹುಟ್ಟುವ ಸ್ಥಿತಿಯನ್ನು ಅಳೆಯಿರಿ! ಕುಲುಮೆಯ ಎರಡನೇ ಕೋಣೆಯಲ್ಲಿ ಉಷ್ಣತೆ 1050 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು, ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ಕಾರ್ಬನ್ ಮೊನಾಕ್ಸೈಡ್ ಕಡಿಮೆ ಇದ್ದರೆ ಬೆಂಕಿ ಪೂರ್ತಿ ಉರಿಯುತ್ತಿದೆ ಅಂತ ಅರ್ಥ. ಬೆಂಕಿ ಪೂರ್ತಿ ಉರಿದರೆ ಡಯಾಕ್ಸಿನ್, ಬೆಂಜೋ-ಎ-ಪೈರೀನ್ ಎರಡೂ ಕಡಿಮೆ. ಲೋಹಗಳಿಗೂ ಇದೇ ತರ್ಕ. ಆರ್ಸೆನಿಕ್, ನಿಕಲ್ ಹೆಚ್ಚಾಗಿ ದೂಳಿಗೆ ಅಂಟಿಕೊಂಡೇ ಹೋಗುತ್ತವೆ. ಹೊಗೆಯನ್ನು ಬಟ್ಟೆ ಚೀಲದಲ್ಲಿ ಸೋಸುವ ಬ್ಯಾಗ್ ಫಿಲ್ಟರ್ ದೂಳು ಹಿಡಿದರೆ ಅವೂ ಬಹುಪಾಲು ಸಿಕ್ಕಿದಂತೆ. ಪಾದರಸ ಮಾತ್ರ ಈ ಬಲೆಗೆ ಸುಲಭವಾಗಿ ಬೀಳುವುದಿಲ್ಲ, ಅದು ಆವಿಯಾಗಿ ಪಾರಾಗುತ್ತದೆ. ಅದಕ್ಕೇ 2015ರ ಡಿಸೆಂಬರ್‌ನಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಹೊಸ ನಿಯಮ ಬಂದಾಗ ಪಾದರಸಕ್ಕೆ ಘನ ಮೀಟರಿಗೆ 0.03 ಮಿಲಿಗ್ರಾಂ ಎಂಬ ಪ್ರತ್ಯೇಕ ಮಿತಿ ಬರೆಯಬೇಕಾಯಿತು.

2014ರಲ್ಲಿ ಕೇಂದ್ರ ಮಂಡಳಿ ಇನ್ನೊಂದು ಹೆಜ್ಜೆ ಇಟ್ಟಿತು. ಸಿಮೆಂಟ್, ವಿದ್ಯುತ್, ರಿಫೈನರಿ, ಸಕ್ಕರೆ, ಔಷಧ ಹೀಗೆ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಕೈಗಾರಿಕೆಗಳು ಚಿಮಣಿಯಲ್ಲೇ ಆನ್‌ಲೈನ್ ಮಾಪಕ ಕೂರಿಸಿ, ಅಂಕಿಗಳನ್ನು ನೇರವಾಗಿ ಮಂಡಳಿಯ ಸರ್ವರ್‌ಗೆ ಕಳಿಸಬೇಕು ಎಂದಿತು. ಇದು ಒಳ್ಳೆಯ ಹೆಜ್ಜೆ. ವರ್ಷಕ್ಕೆ ನಾಲ್ಕು ಬಾರಿ ಹತ್ತಿ ನೋಡುವ ಕಡೆ ಈಗ ಹಗಲು ರಾತ್ರಿ ಅಂಕಿ ಬರುತ್ತದೆ. ಆದರೆ ಮಾಪಕ ಕೊಳ್ಳುವುದು, ನಡೆಸುವುದು ಕಾರ್ಖಾನೆಯೇ. ಕ್ಯಾಲಿಬ್ರೇಶನ್, ಅಂದರೆ ಮಾಪಕದ ಅಳತೆಯ ಹೊಂದಾಣಿಕೆ, ಸರಿಯಿದೆಯೇ ಎಂದು ಮಂಡಳಿ ಆಗಾಗ ಹೋಗಿ ತಾಳೆ ನೋಡದಿದ್ದರೆ, ಬರುವ ಅಂಕಿಯನ್ನು ಎಷ್ಟು ನಂಬುವುದು?

ಕನ್ಸೆಂಟ್ ಎಂಬ ಕಾಗದ

ಅಳೆದ ಮೇಲೆ ಹಿಡಿತ ಹೇಗೆ? ವಾಯು ಕಾಯ್ದೆಯ ಜೀವ ಇರುವುದು ಒಂದು ಅನುಮತಿ ಪತ್ರದಲ್ಲಿ. ಕೈಗಾರಿಕೆಯವರು ಅದನ್ನು ಕನ್ಸೆಂಟ್ ಎನ್ನುತ್ತಾರೆ. ಕಟ್ಟುವ ಮೊದಲು ಒಂದು, ನಡೆಸುವ ಮೊದಲು ಇನ್ನೊಂದು. ಕರ್ನಾಟಕದಲ್ಲಿ ಇದನ್ನು ಕೊಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಎಷ್ಟು ಎತ್ತರದ ಚಿಮಣಿ, ಯಾವ ಇಂಧನ, ಹೊಗೆ ತೊಳೆಯುವ ಸ್ಕ್ರಬ್ಬರ್ ಇದೆಯೇ, ಯಾವ ವಸ್ತು ಎಷ್ಟರ ಒಳಗಿರಬೇಕು, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ, ಎಲ್ಲ ಅದರಲ್ಲಿ ಬರೆದಿರುತ್ತದೆ. ಷರತ್ತು ಮೀರಿದರೆ ಮಂಡಳಿ 31ಎ ಸೆಕ್ಷನ್ ಬಳಸಿ ಬೀಗ ಹಾಕಿಸಬಹುದು, ಕರೆಂಟ್, ನೀರು ಕಡಿತ ಮಾಡಿಸಬಹುದು. ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ ಸಿಕ್ಕ ಹಲ್ಲು ಇದು. 2023ರ ಜನ ವಿಶ್ವಾಸ ಕಾಯ್ದೆ ಹಲವು ತಪ್ಪುಗಳಿಗೆ ಇದ್ದ ಜೈಲು ಶಿಕ್ಷೆಯ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ತಂದಿತು. ದೊಡ್ಡ ಕಂಪನಿಗೆ 15 ಲಕ್ಷ ಒಂದು ಬ್ಯಾಗ್ ಫಿಲ್ಟರ್ ವ್ಯವಸ್ಥೆಯ ಖರ್ಚಿಗಿಂತ ಕಡಿಮೆ ಎಂಬುದು ನನ್ನ ಚಿಂತೆ.

ಹಿಡಿತದ ಇನ್ನೊಂದು ದಾರಿ ಮೂಲದಲ್ಲೇ ವಿಷ ತೆಗೆಯುವುದು. ಸೀಸದ ವಿಷಯದಲ್ಲಿ ಹೀಗೇ ಆಯಿತು. ಚಿಮಣಿ, ಸೈಲೆನ್ಸರ್ ಯಾವುದನ್ನೂ ಅಳೆಯುತ್ತಾ ಕೂರಲಿಲ್ಲ. ಪೆಟ್ರೋಲಿಗೆ ಸೀಸ ಬೆರೆಸುವುದನ್ನೇ ನಿಲ್ಲಿಸಿದರು. 2000ದ ಫೆಬ್ರವರಿ 1ರಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಮಾತ್ರ. ಆ ಕಾಲದಲ್ಲಿ ಮಕ್ಕಳ ರಕ್ತದಲ್ಲಿರುವ ಸೀಸದ ಬಗ್ಗೆ ಎಚ್ಚರ ಮೂಡಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಒಬ್ಬರು. ಪೆಟ್ರೋಲಿನ ಬೆಂಜೀನ್ ಅನ್ನು ನೂರಕ್ಕೆ 1ಕ್ಕೆ ಇಳಿಸಿದ್ದೂ ಇದೇ ದಾರಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಕ್ರಮ.

ಬೇಲಿಯ ಬಳಿ

ಇನ್ನು ಮೂರನೇ ಜಾಗ. ರಿಫೈನರಿಯಲ್ಲಿ ಬೆಂಜೀನ್ ಚಿಮಣಿಯಿಂದ ಮಾತ್ರ ಬರುವುದಿಲ್ಲ. ಸಾವಿರಾರು ವಾಲ್ವ್, ಪೈಪ್ ಜೋಡಿಸುವ ಫ್ಲ್ಯಾಂಜ್, ಪಂಪಿನ ಸೀಲ್, ಟ್ಯಾಂಕಿನ ಮುಚ್ಚಳ, ಎಲ್ಲ ಕಡೆಯಿಂದ ಚೂರು ಚೂರು ಸೋರುತ್ತದೆ. 2008ರಿಂದ ನಮ್ಮ ರಿಫೈನರಿ ನಿಯಮಗಳಲ್ಲೂ ಈ ಸೋರಿಕೆ ಹುಡುಕಿ ಸರಿಪಡಿಸಬೇಕು ಎಂದಿದೆ. ಆದರೆ ಹುಡುಕುವವರು, ಬರೆದಿಡುವವರು ಕಂಪನಿಯವರೇ.

ಇಲ್ಲಿ ಅಮೆರಿಕದ ಕಥೆ ಹೇಳಬೇಕು. ಅಲ್ಲಿ 1970ರ ಕಾಯ್ದೆ ವಿಷಾನಿಲಗಳನ್ನು ಒಂದೊಂದಾಗಿ, ಆರೋಗ್ಯದ ಪುರಾವೆ ಕೂಡಿಸಿ, ಪಟ್ಟಿಗೆ ಸೇರಿಸಿ ಎಂದಿತ್ತು. ಪ್ರತಿ ಹೆಸರಿಗೂ ವರ್ಷಗಟ್ಟಲೆ ಜಗಳ. ಇಪ್ಪತ್ತು ವರ್ಷದಲ್ಲಿ ನಿಯಮ ಬಂದಿದ್ದು ಏಳು ವಸ್ತುಗಳಿಗೆ ಮಾತ್ರ. 1990ರಲ್ಲಿ ಸಂಸತ್ತು ದಾರಿ ಬದಲಿಸಿತು. 189 ಹೆಸರುಗಳನ್ನು ತಾನೇ ಕಾಯ್ದೆಯಲ್ಲಿ ಬರೆಯಿತು. ಮಿತಿ ಹಾಕುವ ರೀತಿಯನ್ನೂ ತಿರುಗಿಸಿತು. ಇರುವ ಕಾರ್ಖಾನೆಗಳಲ್ಲಿ ಅತ್ಯಂತ ಕಡಿಮೆ ವಿಷ ಬಿಡುವ ನೂರಕ್ಕೆ 12ರಷ್ಟು ಕಾರ್ಖಾನೆಗಳ ಸರಾಸರಿ ಎಷ್ಟಿದೆಯೋ, ಉಳಿದವರೂ ಕನಿಷ್ಠ ಅಷ್ಟು ಮಾಡಬೇಕು. ಅವರಿಂದ ಆಗಿದೆ ಅಂದ ಮೇಲೆ ನಿಮ್ಮಿಂದ ಯಾಕಾಗುವುದಿಲ್ಲ ಎಂಬ ಸರಳ ಪ್ರಶ್ನೆ. ಎಂಟು ವರ್ಷದ ನಂತರ ಇನ್ನೂ ಎಷ್ಟು ಅಪಾಯ ಉಳಿದಿದೆ ಎಂದು ಮತ್ತೆ ನೋಡಬೇಕು.

2015ರಲ್ಲಿ ಅಲ್ಲಿನ ಪರಿಸರ ಇಲಾಖೆ ರಿಫೈನರಿಗಳಿಗೆ ಇನ್ನೊಂದು ನಿಯಮ ತಂದಿತು. ಬೇಲಿಯ ಸುತ್ತಲೂ ಪೆನ್ಸಿಲ್‌ನಷ್ಟು ಸಣ್ಣ ಕೊಳವೆಗಳನ್ನು ನೇತುಹಾಕಬೇಕು. ಪಂಪ್ ಬೇಡ, ಕರೆಂಟ್ ಬೇಡ. ಎರಡು ವಾರ ಹಾಗೇ ಬಿಟ್ಟರೆ ಬೆಂಜೀನ್ ತಾನಾಗಿ ಅದರೊಳಗೆ ಅಂಟಿಕೊಳ್ಳುತ್ತದೆ. ವರ್ಷದ ಸರಾಸರಿ 9 ಮೈಕ್ರೋಗ್ರಾಂ ದಾಟಿದರೆ ಕಂಪನಿ ಕಾರಣ ಹುಡುಕಿ ಸರಿಪಡಿಸಲೇಬೇಕು. ಅಂಕಿಗಳು ಸಾರ್ವಜನಿಕರಿಗೆ ಮುಕ್ತ. ಬೇಲಿಯಾಚೆ ಮನೆ ಇರುವವರು ಕೂತಲ್ಲೇ ನೋಡಬಹುದು. ಇಷ್ಟು ಸರಳವಾದ ಉಪಾಯ ನಮ್ಮಲ್ಲಿ ಯಾಕಿಲ್ಲ ಎಂದು ನನಗೆ ಸಂಕಟವಾಗುತ್ತದೆ. ಮಂಗಳೂರಿನ ಜೋಕಟ್ಟೆಯ ಜನ ಪಕ್ಕದ ರಿಫೈನರಿ ಘಟಕದ ಕೋಕ್, ಅಂದರೆ ಕಚ್ಚಾ ತೈಲದಿಂದ ಉಳಿಯುವ ಇದ್ದಿಲಿನಂಥ ವಸ್ತುವಿನ ದೂಳಿನ ವಿರುದ್ಧ ಹೋರಾಡಿದಾಗ ಅವರ ಕೈಯಲ್ಲಿ ಇದ್ದಿದ್ದು ಅಂಗಳದ ಕಪ್ಪು ಪುಡಿ. ದೂಳಾದರೆ ಕಣ್ಣಿಗೆ ಕಾಣುತ್ತದೆ. ಬೆಂಜೀನ್ ಕಾಣುವುದಿಲ್ಲ.

ಅಂಕಿಗಳನ್ನು ಹೀಗೆ ಜನರಿಗೆ ತೋರಿಸುವ ಅಮೆರಿಕದ ರೂಢಿಯ ಹಿಂದೆ ನಮ್ಮ ನಾಡಿಗೆ ನೋವಿನ ಒಂದು ಸಂಗತಿಯೂ ಇದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲ್‌ನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಸೋರಿತು. ಸುತ್ತ ಇದ್ದವರಿಗೆ ಒಳಗೆ ಏನಿದೆ ಎಂದೇ ಗೊತ್ತಿರಲಿಲ್ಲ. ಮರುವರ್ಷ ಅದೇ ಕಂಪನಿಯ ಅಮೆರಿಕದ ವೆಸ್ಟ್ ವರ್ಜೀನಿಯಾ ಕಾರ್ಖಾನೆಯಲ್ಲೂ ವಿಷಾನಿಲ ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 1986ರಲ್ಲಿ ಅಮೆರಿಕ ಜನರ ತಿಳಿಯುವ ಹಕ್ಕಿನ ಕಾನೂನು ತಂದಿತು. ಪ್ರತಿ ದೊಡ್ಡ ಕಾರ್ಖಾನೆ ಯಾವ ವಿಷವನ್ನು ವರ್ಷಕ್ಕೆ ಎಷ್ಟು ಗಾಳಿಗೆ, ನೀರಿಗೆ, ಮಣ್ಣಿಗೆ ಬಿಟ್ಟಿತು ಎಂದು ಸಾರ್ವಜನಿಕವಾಗಿ ಬರೆಯಬೇಕು. ಭೋಪಾಲ್‌ನ ಸಾವುಗಳಿಂದ ಹುಟ್ಟಿದ ಆ ದಾಖಲೆ ಪುಸ್ತಕ ಅಮೆರಿಕದವರ ಬಳಿ ಇದೆ. ಭೋಪಾಲ್ ಇರುವ ದೇಶದಲ್ಲಿ ಅಂಥ ಪುಸ್ತಕ ಇಲ್ಲ.

ನಮ್ಮಲ್ಲಿ ಈಗ ಹಣ, ಗಮನ ಎರಡೂ 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಮೇಲಿದೆ. ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಅದರಲ್ಲಿವೆ. ನಗರಗಳ ಸಾಧನೆಯನ್ನು ಅಳೆಯುವುದು ಪಿಎಂ 10 ಎಂಬ ಒರಟು ದೂಳು ಎಷ್ಟು ಇಳಿಯಿತು ಎಂಬುದರಿಂದ. ರಸ್ತೆ ಗುಡಿಸುವ ಯಂತ್ರ ತಂದರೆ ಆ ಸಂಖ್ಯೆ ಇಳಿಯಬಹುದು. ಬೆಂಜೀನ್ ಇದ್ದಷ್ಟೇ ಇರುತ್ತದೆ.

ನಿಮ್ಮ ಮನೆ ಪಕ್ಕದ ಕಾರ್ಖಾನೆ ಬಗ್ಗೆ ತಿಳಿಯಬೇಕಾದರೆ ಮಾಹಿತಿ ಹಕ್ಕಿನಲ್ಲಿ ಮೂರು ಕಾಗದ ಕೇಳಿ: ಕನ್ಸೆಂಟ್ ಪತ್ರದ ಪ್ರತಿ, ಕಳೆದ ಒಂದು ವರ್ಷದ ಚಿಮಣಿ ಪರೀಕ್ಷೆ ವರದಿಗಳು, ಆನ್‌ಲೈನ್ ಮಾಪಕದ ಕ್ಯಾಲಿಬ್ರೇಶನ್ ದಾಖಲೆ. ಕನ್ಸೆಂಟ್‌ನಲ್ಲಿ ಯಾವ ಯಾವ ವಸ್ತುಗಳ ಹೆಸರಿದೆ ಎಂದು ಮೊದಲು ನೋಡಿ. ಬರೀ ದೂಳು, ಸಲ್ಫರ್ ಡೈಆಕ್ಸೈಡ್ ಅಂತಿದ್ದು, ಒಳಗೆ ದ್ರಾವಕ ಬಳಸುವ ಕೆಲಸ ನಡೆಯುತ್ತಿದ್ದರೆ ಆ ಪ್ರಶ್ನೆಯನ್ನು ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು ಕೇಳಿ. ವಾಯು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಯಾವುದೇ ನಾಗರಿಕ 60 ದಿನದ ನೋಟಿಸ್ ಕೊಟ್ಟು ತಾನೇ ನ್ಯಾಯಾಲಯಕ್ಕೆ ದೂರು ಕೊಡಬಹುದು. ಹಾಗೆ ದೂರು ಕೊಟ್ಟವರು ಕೇಳಿದರೆ, ತನ್ನ ಬಳಿ ಇರುವ ವರದಿಗಳನ್ನು ಮಂಡಳಿ ಅವರಿಗೆ ಒದಗಿಸಬೇಕು ಎಂದೂ ಅದೇ ಸೆಕ್ಷನ್‌ನಲ್ಲಿದೆ.